ಮೂರನೇ ಸಲ ಕೂಗದ ಲಿಲಾವು

ಸಾವಕಾರರು ತೀರಿಕೊಂಡ ಸುದ್ದಿ ಬಂದಾಗ ನಾನು ಒಂಬತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಫೋನು ಕೆಳಗಿಟ್ಟ ಮೇಲೂ ತಿದ್ದುತ್ತಲೇ ಇದ್ದೆ. ಒಬ್ಬ ಹುಡುಗಿ ಸಂಧಿಯನ್ನು ಸಮಾಸವೆಂದು ಬರೆದಿದ್ದಳು; ಪಕ್ಕದಲ್ಲಿ ಸರಿ ಉತ್ತರ ಬರೆದೆ, ಅಂಕ ಕೂಡಿಸಿದೆ, ಮುಂದಿನ ಪತ್ರಿಕೆ ಎಳೆದುಕೊಂಡೆ. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಕಾಲು ಮಡಚಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಗ್ಯಾಸ್ ಆರಿಸಿ, ಸೀರೆ ಬದಲಿಸಿಕೊಂಡು ಅವರ ಮನೆಗೆ ಹೋದೆ.

ನಮ್ಮ ಪದ್ಧತಿಯಂತೆ ಅವರನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳ ತುಂಬ ಹಾರ, ಹೆಗಲ ಮೇಲೆ ಆಗ ತಾನೇ ಅಂಗಡಿಯಿಂದ ತಂದ ಹೊಸ ಟವೆಲ್ಲು. ಅದರ ಮಡಿಕೆಯ ಗೆರೆ ಕೂಡ ಹೋಗಿರಲಿಲ್ಲ. ಭಜನೆ ನಡೆದಿತ್ತು, ಹೆಂಗಸರು ಅಳುತ್ತಿದ್ದರು. ನಾನು ಮಾತ್ರ ಅವರ ಹಳೆಯ ಟವೆಲ್ಲು ಎಲ್ಲಿ ಹೋಯಿತು ಎಂದು ಯೋಚಿಸುತ್ತ ನಿಂತಿದ್ದೆ. ಇದನ್ನು ಬರೆಯುತ್ತಿರುವುದು ಆ ಟವೆಲ್ಲಿನ ಸಲುವಾಗಿ, ಮತ್ತೆ ಒಂದು ತೆಂಗಿನಕಾಯಿಯ ಸಲುವಾಗಿ.

ಸಾವಕಾರರು ಎಂದರೆ ಬಡ್ಡಿಗೆ ಹಣ ಕೊಡುವವರಲ್ಲ. ನಮ್ಮ ಬೈಲಹೊಂಗಲದಲ್ಲಿ ಅಂಗಡಿ ಇಟ್ಟವರನ್ನೆಲ್ಲ ಹಾಗೇ ಕರೆಯುತ್ತಾರೆ. ಮಾರುಕಟ್ಟೆಯ ಯಾರ್ಡಿನಲ್ಲಿ ಅವರದೊಂದು ದಲಾಲಿ ಅಂಗಡಿ ಇತ್ತು. ರೈತರು ತಂದ ಹತ್ತಿ, ಕಡಲೆ, ಜೋಳವನ್ನು ರಾಶಿ ಹಾಕಿಸಿ ಲಿಲಾವು, ಅಂದರೆ ಹರಾಜು, ಕೂಗುವುದು ಅವರ ಕಸುಬು. ಅವರು ಕೂಗಿದರೆ ಬಸ್ ಸ್ಟ್ಯಾಂಡಿನಲ್ಲಿ ಮಲಗಿದವರು ಎದ್ದು ಕೂರುತ್ತಾರೆ ಎಂದು ಮಂದಿ ನಗುತ್ತಿದ್ದರು. ಆಮೇಲೆ ದರವೆಲ್ಲ ಕಂಪ್ಯೂಟರಿನಲ್ಲಿ ಬರಲು ಶುರುವಾಗಿ ಯಾರ್ಡು ಸಪ್ಪಗಾಯಿತು. ತಮ್ಮ ಗಂಟಲಿಗೆ ಸರಕಾರ ಪೆನ್ಶನ್ನು ಕೊಡದೆ ರಿಟಾಯರ್ ಮಾಡಿತು ಎಂದು ಅವರು ಹೇಳಿಕೊಂಡು ತಿರುಗುತ್ತಿದ್ದರು.

ಅವರ ಗಂಟಲಿಗೆ ಉಳಿದದ್ದು ನಮ್ಮ ಓಣಿಯ ಬಸವಣ್ಣನ ಗುಡಿಯ ಲಿಲಾವು ಒಂದೇ. ಶ್ರಾವಣದ ಕಡೆಯ ಸೋಮವಾರ ದೇವರಿಗೆ ಏರಿಸಿದ ಕಾಯಿ, ಹಣ್ಣು, ಖಣ ಎಲ್ಲವನ್ನೂ ಗುಡಿಯ ಮುಂದೆ ಲಿಲಾವು ಹಾಕುತ್ತಾರೆ. ಹೆಚ್ಚು ಕೂಗಿದವರು ಅದನ್ನು ಮನೆಗೆ ಒಯ್ಯುತ್ತಾರೆ. ಮನೆಗೆ ದೇವರು ಬಂದ ಹಾಗೆ. ಸಾವಕಾರರು ‘ಒಂದ್ ಸಲ’ ಎನ್ನುವುದು ಸರಸರನೆ. ‘ಎರಡ್ ಸಲ’ ಎಂದ ಮೇಲೆ ಮಾತ್ರ ನಿಂತುಬಿಡುತ್ತಿದ್ದರು. ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಳ್ಳುವರು, ಕೂತವರ ಮುಖವನ್ನು ಒಬ್ಬೊಬ್ಬರದಾಗಿ ನೋಡುವರು. ಆ ನೋಟಕ್ಕೆ ನಾಚಿಯೇ ಯಾರಾದರೂ ದರ ಏರಿಸುತ್ತಿದ್ದರು. ಲಿಲಾವು ಅಂದರೆ ಎರಡನೇ ಸಲಕ್ಕೂ ಮೂರನೇ ಸಲಕ್ಕೂ ನಡುವಿನ ಹೊತ್ತು, ಉಳಿದದ್ದೆಲ್ಲ ಬರೇ ಕೂಗಾಟ ಎನ್ನುವುದು ಅವರ ಸಿದ್ಧಾಂತ.

ಒಂದೇ ಓಣಿಯಲ್ಲಿದ್ದರೂ ನಮಗೆ ನಿಜವಾದ ಪರಿಚಯವಾದದ್ದು ಬೆಳಗಾವಿಯ ಒಂದು ರಕ್ತ ಕೇಂದ್ರದಲ್ಲಿ.

ಅದಕ್ಕೆ ಹಿಂದಿನದನ್ನು ಸ್ವಲ್ಪ ಹೇಳಬೇಕು. ನನ್ನ ಮುಖ ಕೆಂಪಾಗತೊಡಗಿದ್ದನ್ನು ಮೊದಮೊದಲು ಎಲ್ಲರೂ ಮೆಚ್ಚಿಕೊಂಡರು. ಸ್ಟಾಫ್ ರೂಮಿನಲ್ಲಿ, ಏನು ಹಚ್ಚಿಕೊಳ್ಳುತ್ತೀರಿ ಟೀಚರ್ ಎಂದು ಕೇಳಿದರು. ನನ್ನ ಅತ್ತೆ, ಅಂತೂ ಸೊಸೆಗೆ ಮೈ ಹಿಡಿಯಿತು ಎಂದು ಸಂತೋಷಪಟ್ಟರು. ಆದರೆ ಸ್ನಾನ ಮಾಡಿ ಬಂದರೆ ಮೈಯೆಲ್ಲ ಉರಿದು ತುರಿಸುತ್ತಿತ್ತು. ಪೂಜೆಗೆ ಕೂತು ಲಿಂಗವನ್ನು ಅಂಗೈಯಲ್ಲಿ ಹಿಡಿದರೆ ಆ ಕೈಯನ್ನು ಅಲುಗಿಸದೆ ಇಟ್ಟುಕೊಳ್ಳುವುದೇ ದೊಡ್ಡ ತಪಸ್ಸಾಗಿತ್ತು. ನೀರು ಗಡುಸು ಎಂದು ಸಾಬೂನು ಬದಲಿಸಿದೆ, ತಲೆನೋವಿಗೆ ಕನ್ನಡಕ ಬದಲಿಸಿದೆ. ಕಡೆಗೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ವಿಷಯ ಹೇಳಿದರು. ಇದು ರಕ್ತದ ಒಂದು ಬಗೆಯ ಕ್ಯಾನ್ಸರ್, ಬಹಳ ಕಡಿಮೆ ಜನರಿಗೆ ಬರುತ್ತದೆ, ನಿಮ್ಮ ಮಜ್ಜೆ ಬೇಕಾದ್ದಕ್ಕಿಂತ ಹೆಚ್ಚು ರಕ್ತ ಮಾಡುತ್ತಿದೆ, ಅದು ಮಂದವಾಗಿ ಎಲ್ಲಾದರೂ ಹೆಪ್ಪುಗಟ್ಟಿದರೆ ಅಪಾಯ, ಮಾತ್ರೆ ತೆಗೆದುಕೊಳ್ಳಿ, ಆಗಾಗ ರಕ್ತ ತೆಗೆಸುತ್ತಿರಿ ಎಂದರು. ಇದು ಮಕ್ಕಳಿಗೆ ಇಳಿದು ಬರುವಂಥ ರೋಗವಲ್ಲ ಎಂದೂ ಹೇಳಿ ಕಳಿಸಿದರು.

ನನ್ನ ಗಂಡ ಅದನ್ನು ಕೇಳಿ ಎದ್ದು ಬೀದಿಯ ಬಾಗಿಲು ಹಾಕಿ ಬಂದರು. ಆಮೇಲೆ, ಮಗಳ ಮದುವೆಯಾಗುವವರೆಗೆ ಹೊರಗೆ ಗೊತ್ತಾಗುವುದು ಬೇಡ ಎಂದರು. ನಾನು ಹೂಂ ಎಂದೆ. ಅದರಲ್ಲಿ ವಾದ ಮಾಡುವಂಥದ್ದು ನನಗೇನೂ ಕಾಣಲಿಲ್ಲ. ಮಕ್ಕಳಿಗೆ ಇಳಿಯುವುದಿಲ್ಲ ಎಂದು ಹೆಣ್ಣು ನೋಡಲು ಬಂದವರಿಗೆಲ್ಲ ಪಾಠ ಹೇಳುತ್ತ ಕೂರುವವರು ಯಾರು? ಧಾರವಾಡದಲ್ಲಿ ನೌಕರಿಯಲ್ಲಿದ್ದ ಮಗಳು ಮಾತ್ರ, ಹೇಳಿಬಿಟ್ಟರೆ ಏನಾಗುತ್ತದೆ ಎಂದು ಕೇಳಿದಳು. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಗೆ ರಕ್ತ ತೆಗೆಸಲು ಹೋಗಿ ಮಲಗಿದ್ದಾಗ ಪಕ್ಕದ ಮಂಚದಲ್ಲಿ ಸಾವಕಾರರಿದ್ದರು. ಸೂಜಿ ಚುಚ್ಚಿದ್ದನ್ನು ನೋಡಲಾಗದೆ ತೋಳಿನ ಮೇಲೆ ಟವೆಲ್ಲು ಹೊದಿಸಿಕೊಂಡಿದ್ದರು. ಅವರ ಮುಖವೂ ನನ್ನದರಷ್ಟೇ ಕೆಂಪು. ಏನು ಇಲ್ಲಿ ಎಂದು ಅವರು ಕೇಳಿದ್ದಕ್ಕೆ, ರಕ್ತದಾನಕ್ಕೆ ಬಂದಿದ್ದೇನೆ ಎಂದೆ. ಅಷ್ಟರಲ್ಲಿ ನರ್ಸು ಬಂದು, ಬಿಸಾಡುವ ರಕ್ತ ಎಂಬ ಗುರುತಿಗೆ ನಮ್ಮಿಬ್ಬರ ಚೀಲಗಳ ಮೇಲೂ ದೊಡ್ಡದಾಗಿ ಕಾಟು ಹೊಡೆದು ಹೋದಳು. ಸಾವಕಾರರು ಎರಡೂ ಚೀಲ ನೋಡಿದರು.

“ತಗೊಳ್ಳಾವ್ರ ಇಲ್ಲದ್ದು ದಾನ ಹೆಂಗ ಆಕ್ಕೈತ್ರಿ ಅಕ್ಕೋರ? ನಿಮ್ಮದೂ ನನ್ನದೂ ಎರಡೂ ಗಟಾರಕ್ಕ ಹೋಗೂದು.”

ನನಗೆ ನಗು ಬಂತು. ಆ ವರ್ಷ ನಾನು ನಕ್ಕದ್ದು ಅದೇ ಮೊದಲಿರಬೇಕು. ಯಾರಿಗೂ ಹೇಳುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಡೆಯವರೆಗೂ ಅವರು ನನ್ನ ವಿಷಯ ಯಾರಿಗೂ ಹೇಳಲಿಲ್ಲ.

ನನ್ನ ರಕ್ತದಾನದ ಸುದ್ದಿ ಮಾತ್ರ ತಾನಾಗಿ ಹಬ್ಬಿತು. ನಾನು ಅಲ್ಲಿ ಮಲಗಿದ್ದನ್ನು ಒಮ್ಮೆ ನಮ್ಮ ಶಾಲೆಯ ಗಣಿತದ ಮಾಸ್ತರರು ಕಂಡಿದ್ದರು. ಗಣರಾಜ್ಯೋತ್ಸವದ ದಿನ ಹೆಡ್‌ಮಾಸ್ತರರು ಮೈಕಿನಲ್ಲಿ ನನ್ನನ್ನು ತ್ಯಾಗಮಯಿ ಎಂದು ಹೊಗಳಿ ಶಾಲು ಹೊದಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ಶಾಲೆಯ ಕಮಿಟಿಯಲ್ಲಿದ್ದ ಸಾವಕಾರರು. ಆಮೇಲೆ ಚುರಮರಿ ತಿನ್ನುತ್ತ ನನ್ನ ಹತ್ತಿರ ಬಂದು, ತಮ್ಮ ರಕ್ತವೂ ಅದೇ ಗಟಾರಕ್ಕೆ ಹೋಗಿದೆ, ತಮಗೂ ಒಂದು ಶಾಲು ಬರಬೇಕಿತ್ತು ಎಂದು ಮೆಲ್ಲಗೆ ಹೇಳಿ ಹೋದರು.

ಅವರಿಗೆ ತಮ್ಮ ರೋಗವನ್ನು ಮುಚ್ಚಿಡುವುದು ಗೊತ್ತೇ ಇರಲಿಲ್ಲ. ಕೂಗುವ ಬಾಯಿ, ಅದನ್ನೂ ಕೂಗಿತು. ಯಾರ್ಡಿನ ಹಮಾಲರಿಂದ ಹಿಡಿದು ಕ್ಷೌರದ ಅಂಗಡಿಯವರೆಗೆ ಎಲ್ಲರಿಗೂ ಅವರ ರಕ್ತ ಗಟ್ಟಿ ಎಂದು ಗೊತ್ತಾಯಿತು. ಯಾರೂ ನಂಬಲಿಲ್ಲ ಎನ್ನುವುದು ಬೇರೆ ಮಾತು. ಟೊಮೆಟೊ ಹಣ್ಣಿನಂಥ ಮುಖದ ಮನುಷ್ಯನಿಗೆ ಕ್ಯಾನ್ಸರ್ ಎಂದರೆ ಯಾರು ನಂಬುತ್ತಾರೆ?

ಬೆಳಗಾವಿಯ ಡಾಕ್ಟರು ಅವರನ್ನು ದೊಡ್ಡ ಊರಿನ ಒಬ್ಬ ತಜ್ಞರ ಬಳಿ ಕಳಿಸಿದರು. ಅಲ್ಲಿ ನಡೆದದ್ದನ್ನು ಮುಂದಿನ ಸಲ ರಕ್ತ ಕೇಂದ್ರದಲ್ಲಿ ಮಲಗಿಕೊಂಡೇ ಹೇಳಿದರು. ಈ ರೋಗ ಕೆಲವರಲ್ಲಿ ವರ್ಷಗಟ್ಟಲೆ ಸುಮ್ಮನಿರುತ್ತದೆ, ಕೆಲವರಲ್ಲಿ ಮಜ್ಜೆಯನ್ನೇ ಒಣಗಿಸಿಬಿಡುತ್ತದೆ. ಯಾರಿಗೆ ಏನಾಗುತ್ತದೆ ಎಂದು ಮೊದಲೇ ಹಿಡಿಯುವುದು ಹೇಗೆ ಎಂದು ಆ ತಜ್ಞರು ಅಧ್ಯಯನ ಮಾಡಬೇಕೆಂದಿದ್ದರು. ಆದರೆ ಅದಕ್ಕೆ ಹಣ ಕೊಡುವವರಿಲ್ಲ. ರೋಗಿಗಳು ಹೆಚ್ಚು ಇರುವ ರೋಗಕ್ಕೆ ಹಣ ಹರಿಯುತ್ತದೆ. ಈ ರೋಗದವರು ಎಲ್ಲೆಲ್ಲಿ ಇದ್ದಾರೆ ಎಂದೇ ಗೊತ್ತಿಲ್ಲ. ನಿಮ್ಮ ಕಡೆಯ ರೋಗಿಗಳು ಸಾಕಷ್ಟು ಮುಂದೆ ಬಂದರೆ, ಜೊತೆಗೆ ಒಂದಿಷ್ಟು ಹಣ ಕೂಡಿದರೆ, ಬೆಳಗಾವಿಗೇ ಬಂದು ರಕ್ತದ ಮಾದರಿ ಒಯ್ಯುತ್ತೇವೆ ಎಂದರಂತೆ.

ಸಾವಕಾರರಿಗೆ ಅದು ತಟ್ಟನೆ ಅರ್ಥವಾಯಿತು. “ಮಾಲು ಕಾಣಲಿಲ್ಲಂದ್ರ ಲಿಲಾವಿಗೆ ಯಾರ ಬರತಾರ್ರಿ? ಮೊದಲ ರಾಶಿ ಬೀಳಬೇಕು. ನಾವು ಒಬ್ಬೊಬ್ಬರು ಒಂದೊಂದ ಮೂಲ್ಯಾಗ ಕುಂತೇವಿ.”

ಹೊರಡುವ ಮುಂಚೆ ಅವರು ಆ ತಜ್ಞರಿಗೆ ಇನ್ನೊಂದು ಮಾತು ಕೇಳಿದ್ದರು. ಅದನ್ನು ಹೇಳುವಾಗ ಸ್ವಲ್ಪ ನಾಚಿಕೊಂಡರು. ದನದ ಪೇಟೆಯಲ್ಲಿ ಎತ್ತಿನ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವರೂ ಮಾರುವವರೂ ಒಂದು ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಹಿಡಿಯುತ್ತಾರೆ. ಒಂದು ಬೆರಳಿಗೆ ಒಂದು, ಇಡೀ ಕೈಗೆ ಐದು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಸಾವಕಾರರ ತಂದೆ ದನದ ವ್ಯಾಪಾರಿ. ಇವರು ಆ ಪೇಟೆಯಲ್ಲೇ ಬೆಳೆದವರು. ತಮಗೆ ಇನ್ನೆಷ್ಟು ವರ್ಷ ಎಂದು ಕೇಳಬೇಕಾಗಿ ಬಂದಾಗ, ಪಕ್ಕದಲ್ಲಿ ಹೆಂಡತಿ ಕೂತಿದ್ದರಿಂದ, ಕೈಮೇಲೆ ಟವೆಲ್ಲು ಹಾಕಿಕೊಂಡು ಡಾಕ್ಟರ ಮುಂದೆ ಚಾಚಿದರಂತೆ.

“ಸಾಹೇಬ್ರ, ಬಾಯಿಲೆ ಹೇಳಬ್ಯಾಡ್ರಿ. ಬೆರಳ ಹಿಡೀರಿ, ನನಗ ತಿಳೀತೈತಿ ಅಂದ್ನಿ. ಇಡೀ ಕೈ ಹಿಡದ್ರು ನೋಡ್ರಿ. ಗಟ್ಟಿಯಾಗೇ ಹಿಡದ್ರು.”

ಐದು ವರ್ಷ. ಅಷ್ಟು ಸಾಕು, ಅಷ್ಟರಲ್ಲಿ ರಾಶಿ ಹಾಕಿಬಿಡುತ್ತೇನೆ ಎಂದು ಅವರು ಲೆಕ್ಕ ಹಾಕಿಕೊಂಡು ಬಂದಿದ್ದರು. ನಾನು ಚಾವಣಿ ನೋಡುತ್ತ ಮಲಗಿದ್ದೆ. ಆ ಡಾಕ್ಟರು ಮೈಸೂರು ಕಡೆಯವರು. ಅವರಿಗೆ ದನದ ಪೇಟೆಯ ಲೆಕ್ಕ ಎಲ್ಲಿಂದ ಗೊತ್ತು? ಕೈ ಚಾಚಿದ ಮನುಷ್ಯನನ್ನು ಕಂಡು ಸಮಾಧಾನಕ್ಕೆಂದು ಹಿಡಿದುಕೊಂಡಿದ್ದಾರೆ, ಅಷ್ಟೇ. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವರು ಅಷ್ಟು ಖುಷಿಯಾಗಿದ್ದರು.

ರಾಶಿ ಹಾಕುವ ಕೆಲಸ ಶುರುವಾದಾಗ ಹ್ಯಾಂಡ್‌ಬಿಲ್ ಬರೆದುಕೊಡಿ ಎಂದು ನಮ್ಮ ಮನೆಗೆ ಬಂದರು. ಕನ್ನಡ ಪಾಠ ಹೇಳುವ ಅಕ್ಕೋರಿಂದ ಬರೆಸುವುದರಲ್ಲಿ ಯಾರಿಗೂ ಅನುಮಾನ ಬರುವಂತಿರಲಿಲ್ಲ. ನಾನು ‘ಅಪರೂಪದ ರಕ್ತದ ಕ್ಯಾನ್ಸರ್’ ಎಂದು ಶುರುಮಾಡಿದೆ. ಅವರು ಓದಿ ಹಾಳೆಯನ್ನು ವಾಪಸು ಕೊಟ್ಟರು.

“ಅಪರೂಪ ಅನ್ನೂದು ಛಲೋ ಮಾತಲ್ರಿ. ಬೀಗ್ರು ಅಪರೂಪಕ್ಕ ಬಂದ್ರಂದ್ರ ಹೋಳಿಗಿ ಮಾಡತೇವಿ. ಇದಕ್ಯಾಕ ಹೋಳಿಗಿ?”

ಇಷ್ಟು ವರ್ಷ ಪಾಠ ಹೇಳಿದವಳಿಗೆ ಆ ಶಬ್ದದೊಳಗೆ ಹೋಳಿಗೆಯ ವಾಸನೆ ಇದೆ ಎಂದು ಹೊಳೆದಿರಲಿಲ್ಲ. ‘ಕೆಲವೇ ಜನರಿಗೆ ಬರುವ’ ಎಂದು ತಿದ್ದಿದೆ. ಹಾಗೆ ಬರೆದರೆ ಓದಿದವರೆಲ್ಲ ಆ ಕೆಲವರು ಬೇರೆ ಯಾರೋ ಎಂದುಕೊಳ್ಳುತ್ತಾರೆ ಎಂದರು. ಕಡೆಗೆ ‘ನಿಮಗೂ ಇರಬಹುದಾದ’ ಎಂದಾಯಿತು. ಮೇಲೆ ದಪ್ಪ ಅಕ್ಷರದಲ್ಲಿ, ಸ್ನಾನವಾದ ಮೇಲೆ ಮೈ ತುರಿಸುತ್ತದೆಯೇ ಎಂಬ ಪ್ರಶ್ನೆ.

ಅದನ್ನು ಹಿಡಿದುಕೊಂಡು ಕಿತ್ತೂರಿನ ಬಸ್ ಸ್ಟ್ಯಾಂಡು, ಸವದತ್ತಿಯ ದವಾಖಾನೆ, ರಾಮದುರ್ಗದ ಸಂತೆ ಎಲ್ಲ ಸುತ್ತಿದರು. ಮಂದಿ ತಲೆಬರಹ ಓದಿ, ಮುಲಾಮಿಗೆ ಎಷ್ಟು ಎಂದು ಕೇಳುತ್ತಿದ್ದರಂತೆ. ಮುಲಾಮಿಲ್ಲ ಎಂದರೆ ಬೇಜಾರಾಗಿ ಹ್ಯಾಂಡ್‌ಬಿಲ್ಲಿನಲ್ಲಿ ಭಜಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಸಾವಕಾರರು ಅದಕ್ಕೂ ಬೇಸರಪಡಲಿಲ್ಲ. ಭಜಿ ತಿಂದ ಮೇಲಾದರೂ ಎಣ್ಣೆ ಕೈ ಒರೆಸುವಾಗ ಓದುತ್ತಾರೆ ಎನ್ನುತ್ತಿದ್ದರು.

ಓದಿದವರೂ ಇದ್ದರು. ರಾಮದುರ್ಗದಲ್ಲಿ ಒಬ್ಬ ನೇಕಾರರು ಸಿಕ್ಕರು. ಆಮೇಲೆ ಉಗರಗೋಳದಲ್ಲಿ, ಯಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೆ ಕಾಯಿ, ಭಂಡಾರ ಮಾರುವ ಒಬ್ಬ ಹೆಣ್ಣುಮಗಳು. ಅವಳ ತುರಿಕೆಯನ್ನು ಮನೆಯವರು ಅಮ್ಮನ ಸಿಟ್ಟು ಎಂದುಕೊಂಡಿದ್ದರು. ಸಿಟ್ಟು ಇಳಿಯಲೆಂದು ಅವಳು ಮತ್ತೆ ಮತ್ತೆ ನೀರು ಹಾಕಿಕೊಂಡು ಹರಕೆ ತೀರಿಸುತ್ತಿದ್ದಳು; ನೀರು ಹಾಕಿಕೊಂಡಷ್ಟೂ ತುರಿಕೆ ಹೆಚ್ಚಾಗುತ್ತಿತ್ತು. ಸಾವಕಾರರು ಅವಳ ಅಂಗಡಿಯ ಮುಂದೆ ಕೂತು, ಚಹಾ ಕುಡಿದು, “ಅಮ್ಮಗ ಸಿಟ್ಟಿಲ್ಲಬೇ ತಂಗಿ. ರಕ್ತಾ ಪರೀಕ್ಷಾ ಮಾಡಸ ಅಂತ ಹೇಳಾಕತ್ತಾಳ, ನಿನಗ ತಿಳಿವಲ್ದು” ಎಂದರಂತೆ. ಅವಳು ಮಾಡಿಸಿದಳು. ಮಾತ್ರೆ ಶುರುವಾಗಿ ತುರಿಕೆ ಕಡಿಮೆಯಾದ ಮೇಲೆ ಅಂಗಡಿಯ ಒಂದು ಒಳ್ಳೆಯ ಕಾಯಿ ಆರಿಸಿ ಸಾವಕಾರರ ಕೈಗೆ ಕೊಟ್ಟಳು.

ಆ ಕಾಯಿಯನ್ನೇ ಅವರು ಆ ಶ್ರಾವಣದ ಲಿಲಾವಿಗೆ ತಂದರು. ದೇವರ ಸಾಮಾನೆಲ್ಲ ಹೋದ ಮೇಲೆ ಇದನ್ನು ಎತ್ತಿ ಹಿಡಿದು, ಇದು ರಕ್ತದ ರೋಗದ ಸಂಶೋಧನೆಯ ಕಾಯಿ, ಇದರ ದುಡ್ಡೆಲ್ಲ ಡಾಕ್ಟರ ಅಧ್ಯಯನಕ್ಕೆ ಎಂದು ವಿವರಿಸಿ ಕೂಗತೊಡಗಿದರು. ಯಾರೂ ತುಟಿ ಬಿಚ್ಚಲಿಲ್ಲ. ಹೆಂಗಸರ ಕಡೆ ಕೂತಿದ್ದ ನಾನು ಸೆರಗು ಸರಿಮಾಡಿಕೊಂಡೆ. ಗುಡಿಯ ಪಂಚರಲ್ಲಿ ಹಿರಿಯರೊಬ್ಬರು ಕಡೆಗೆ ಎದ್ದು ನಿಂತರು. ಒಳ್ಳೆಯ ಮನುಷ್ಯ, ಸಾವಕಾರರ ಗೆಳೆಯ.

“ದೇವರ ಕಾಯಿ ಆದ್ರ ಮನಿಗೆ ಒಯ್ತೇವಿ. ರೋಗದ ಹೆಸರಿನ ಕಾಯಿ ಹೆಂಗ ಒಯ್ಯೂದ್ರಿ ಸಾವಕಾರ್ರ? ದೇಣಿಗಿ ತಗೋರಿ, ಕಾಯಿ ಬ್ಯಾಡ.”

ಎಲ್ಲರೂ ಹೌದು ಹೌದು ಎಂದರು. ದೇಣಿಗೆಯೂ ಬಂತು, ನಮ್ಮ ಓಣಿಯವರ ಕೈ ಸಣ್ಣದಲ್ಲ. ಸಾವಕಾರರು ಎಲ್ಲರಿಗೂ ಕೈಮುಗಿದು ತೆಗೆದುಕೊಂಡರು. ಆದರೆ ಕಾಯಿ ಅವರ ಕೈಯಲ್ಲೇ ಉಳಿಯಿತು. ‘ಒಂದ್ ಸಲ’ ಎಂದರು. ‘ಎರಡ್ ಸಲ’ ಎಂದರು. ಟವೆಲ್ಲಿನಿಂದ ಮುಖ ಒರೆಸಿಕೊಂಡು ಎಂದಿನಂತೆ ಒಬ್ಬೊಬ್ಬರ ಮುಖ ನೋಡಿದರು. ಹೆಂಗಸರ ಕಡೆ ತಿರುಗುವ ಮುಂಚೆಯೇ ನೋಟವನ್ನು ನಿಲ್ಲಿಸಿದರು. ಅದು ನನಗೋಸ್ಕರ ಎಂದು ನನಗೆ ಗೊತ್ತಾಯಿತು.

“ಮೂರನೇದ್ದು ಕೂಗೂದಿಲ್ಲ. ಲಿಲಾವ ಮುಗದಿಲ್ಲ, ತಿಳೀರಿ,” ಎಂದು ಹೇಳಿ ಕಾಯಿಯನ್ನು ಅಂಗಡಿಗೆ ಒಯ್ದು ತಕ್ಕಡಿಯ ಮೇಲೆ ಗೋಡೆಯ ಮಾಡದಲ್ಲಿಟ್ಟರು.

ಅಂಗಡಿಯ ಮುಂದೆ ಹಾದುಹೋಗುವಾಗ ಆ ಕಾಯಿ ಕಾಣುತ್ತಿತ್ತು. ಒಂದು ದಿನ ನಾನೇ ನಿಂತು, ಮದುವೆ ಮುಗಿಯಲಿ ಸಾವಕಾರ್ರೆ, ಆಮೇಲೆ ನನ್ನ ಹೆಸರು ಅಧ್ಯಯನಕ್ಕೆ ಕೊಡುತ್ತೇನೆ ಎಂದೆ. ಅವರು ಕೇಳಿರಲಿಲ್ಲ, ಆದರೂ ಹೇಳಿದೆ. ಗಿರಾಕಿಗೆ ಅವಸರ ಮಾಡಬಾರದು ಎಂಬುದು ದಲಾಲಿಯ ಮೊದಲ ಪಾಠ ಎಂದು ನಕ್ಕು, ಚಹಾ ತರಿಸಿದರು. ಆಮೇಲೆ ಮಗಳಿಗೆ ಸಂಪಗಾಂವದ ಒಂದು ಸಂಬಂಧ ಕೂಡಿಬಂತು. ಹುಡುಗ ಬೇರೆ ಯಾರೂ ಅಲ್ಲ, ಗುಡಿಯ ಆ ಹಿರಿಯರ ತಂಗಿಯ ಮಗ. ನಿಶ್ಚಯವಾಯಿತು, ಮದುವೆ ದೀಪಾವಳಿ ಮುಗಿದ ಮೇಲೆ ಎಂದಾಯಿತು.

ಐದು ವರ್ಷದ ಲೆಕ್ಕ ನಡುವೆಯೇ ಕೆಟ್ಟಿತು. ಸಾವಕಾರರ ಹೊಟ್ಟೆ ಎಡಗಡೆ ಊದಿಕೊಂಡಿತು, ಮುಖದ ಕೆಂಪು ಇಳಿಯಿತು. ಮಜ್ಜೆ ಒಣಗುತ್ತಿದೆ ಎಂದರು ಡಾಕ್ಟರು. ರಕ್ತ ಹೆಚ್ಚಾಗಿದ್ದ ಮನುಷ್ಯನಿಗೆ ಈಗ ರಕ್ತ ಸಾಲದು. ಮುಖ ಬಿಳಿಚಿದ ಮೇಲೆ ಊರು ಅವರ ರೋಗವನ್ನು ನಂಬಿತು.

ಬೆಳಗಾವಿಯ ಆಸ್ಪತ್ರೆಗೆ ನೋಡಲು ಹೋದಾಗ ಯಾರದೋ ರಕ್ತ ಅವರಿಗೆ ಏರುತ್ತಿತ್ತು. ತೋಳಿನ ಮೇಲೆ ಅದೇ ಟವೆಲ್ಲು. ಇಷ್ಟು ದಿನ ಗಟಾರಕ್ಕೆ ಚೆಲ್ಲಿದ್ದೆ, ಈಗ ಮಂದಿಯ ಹತ್ತಿರ ಕಡ ತರುತ್ತಿದ್ದೇನೆ ಎಂದರು. ನಗಬೇಕಿತ್ತು, ನನಗೆ ಆಗಲಿಲ್ಲ. ಅಳಲೂ ಆಗಲಿಲ್ಲ. ಸ್ಟೂಲಿನ ಮೇಲೆ ಕೂತು ಹನಿ ಬೀಳುವುದನ್ನು ನೋಡುತ್ತಿದ್ದೆ. ನಾಳೆ ನನ್ನ ಮಜ್ಜೆ ಏನು ಮಾಡುತ್ತದೆ ಎಂಬ ಯೋಚನೆ ಬಂತು. ಆ ಯೋಚನೆಗೂ ಹೆದರಿಕೆ ಹುಟ್ಟಲಿಲ್ಲ. ಚೀಲ ಅರ್ಧ ಇಳಿದಾಗ ಅವರು ತಾವಾಗಿಯೇ ಮಾತೆತ್ತಿದರು.

“ಡಾಕ್ಟರ್ರಿಗೆ ಟವೆಲ್ ವ್ಯಾಪಾರ ಗೊತ್ತಿಲ್ಲ ಅನ್ನೂದು ನನಗ ಅವತ್ತ ಗೊತ್ತಿತ್ರಿ ಅಕ್ಕೋರ. ಪಾಪ, ಸುಮ್ನ ಕೈ ಹಿಡದಿದ್ರು.”

ಹಾಗಾದರೆ ಐದು ವರ್ಷ ಎಂದು ಯಾಕೆ ನಂಬಿದಿರಿ ಎಂದೆ.

“ಕೈ ಹಿಡದ ಮ್ಯಾಲೆ ಮಾತ ಮಾತಲ್ರಿ. ತಪ್ಪಿ ಹಿಡದ್ರೂ ವ್ಯಾಪಾರ ಆದಂಗ. ನಾ ಅದ್ರ ಮ್ಯಾಲೆ ಇಷ್ಟ ತಿರುಗ್ಯಾಡಿದ್ನಿ. ಇಲ್ಲಂದ್ರ ಅಂಗಡ್ಯಾಗ ಕುಂತ ಬಿಡತಿದ್ನಿ.”

ಕಾಯಿಯ ನೀರು ಒಳಗೇ ಒಣಗಿದೆ, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ ಎಂದೂ ಹೇಳಿದರು. ನಾನು ಬಸ್ಸಿನ ಹೊತ್ತಾಯಿತೆಂದು ಎದ್ದು ಬಂದೆ.

ಅವರು ಹೋದ ಮೇಲೆ ಅಧ್ಯಯನದವರು ನಿಜವಾಗಿಯೂ ಬೆಳಗಾವಿಗೆ ಬಂದರು. ರಾಮದುರ್ಗದ ನೇಕಾರರು, ಉಗರಗೋಳದ ಹೆಣ್ಣುಮಗಳು, ಇನ್ನು ಕೆಲವರು ಹೋಗಿ ಮಾದರಿ ಕೊಟ್ಟು ಬಂದರು. ಇಷ್ಟು ಮಂದಿ ಸಾಲುವುದಿಲ್ಲ, ಇನ್ನೂ ಯಾರಾದರೂ ಇದ್ದರೆ ಈ ವರ್ಷದೊಳಗೆ ಬರಲಿ, ಇಲ್ಲವಾದರೆ ಈ ಕಡೆಯ ಕೆಲಸ ನಿಲ್ಲಿಸಬೇಕಾಗುತ್ತದೆ ಎಂದು ಹೇಳಿ ಹೋದರಂತೆ. ಸಾವಕಾರರ ಹೆಂಡತಿ ಬಾಗಿಲಲ್ಲಿ ನಿಂತು ಇದನ್ನು ನನಗೆ ಹೇಳಿದರು. ಅವರಿಗೆ ನನ್ನ ವಿಷಯ ಗೊತ್ತಿರಲಿಲ್ಲ. ನಾನು ಹೌದೇನ್ರಿ ಎಂದು ಮನೆಗೆ ಬಂದು ಜೋಳದ ಹಿಟ್ಟು ಕಲಸಿದೆ.

ಈ ಶ್ರಾವಣದ ಕಡೆಯ ಸೋಮವಾರ ಲಿಲಾವು ಕೂಗಿದವರು ಗುಡಿಯ ಹಿರಿಯರೇ. ಅವರಿಗೆ ಗಂಟಲಿಲ್ಲ, ಮೈಕು ಹಿಡಿದಿದ್ದರು. ಎಲ್ಲ ಮುಗಿಯುವ ಹೊತ್ತಿಗೆ ಸಾವಕಾರರ ಹೆಂಡತಿ ಎದ್ದು ಹೋಗಿ ಒಂದು ಗಂಟನ್ನು ಅವರ ಮುಂದಿಟ್ಟರು. ಬಿಚ್ಚಿದರೆ ಆ ಕಾಯಿ. ಸುತ್ತಿದ್ದು ಸಾವಕಾರರ ಹಳೆಯ ಟವೆಲ್ಲು. ಲಿಲಾವು ಮುಗಿಸದೆ ಮನೆಯಲ್ಲಿಟ್ಟುಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ, ಒಂದು ಸಲ ಕೂಗಿಬಿಡಿ, ಯಾರೂ ಒಯ್ಯದಿದ್ದರೆ ಮಲಪ್ರಭೆಗೆ ಬಿಟ್ಟುಬರುತ್ತೇವೆ ಎಂದರು. ಹಿರಿಯರ ಕಣ್ಣು ತೇವವಾಯಿತು. ಗೆಳೆಯನ ಸಲುವಾಗಿ ಕೂಗಲು ನಿಂತರು. ‘ಒಂದ್ ಸಲ’ ಎಂದರು. ‘ಎರಡ್ ಸಲ’ ಎಂದರು. ಅವರಿಗೆ ನಡುವೆ ನಿಲ್ಲಿಸುವುದು ಗೊತ್ತಿರಲಿಲ್ಲ, ಮೂರನೆಯದಕ್ಕೆ ಬಾಯಿ ತೆರೆದೇಬಿಟ್ಟರು.

ನಾನು ಕೂಗಬೇಕೆಂದು ಹೋದವಳಲ್ಲ. ಅವರು ಬಾಯಿ ತೆರೆದದ್ದನ್ನು ಕಂಡು ತಡೆಯಬೇಕೆನ್ನಿಸಿತು, ಅಷ್ಟೇ. ಕೈ ಎತ್ತಿದೆ. ಹೆಂಗಸರ ಕಡೆಯಿಂದ ಲಿಲಾವಿಗೆ ಕೈ ಎದ್ದದ್ದು ನಾನು ನೋಡಿದಂತೆ ಅದೇ ಮೊದಲು. ಹಿರಿಯರು ನನ್ನ ಬೆರಳು ಎಣಿಸಿದರು.

“ಐದ ಸಾವಿರ ಏನ್ರಿ ಅಕ್ಕೋರ?”

ನಾನು ಬರೇ ಕೈ ಎತ್ತಿದ್ದೆ. ಆದರೆ ಕೈ ಎತ್ತಿಯಾಗಿತ್ತು. ಹೂಂ ಎಂದೆ. ಅವರು ನನ್ನ ಹತ್ತಿರ ಬಂದು, ಮೈಕನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಇದು ದೇವರ ಕಾಯಿ ಅಲ್ಲ, ಆ ರೋಗದ ಕಾಯಿ ಎಂದು ಮೆಲ್ಲಗೆ ನೆನಪು ಮಾಡಿದರು. ತಾವು ಬೀಗರಾಗುವವರು ಎಂಬ ಕಾಳಜಿಯಿಂದಲೇ ಹೇಳಿದರು. ಗೊತ್ತಿದೆ ಎಂದೆ. ಹಾಗಾದರೆ ಯಾರ ಹೆಸರಿಗೆ ಬರೆದುಕೊಳ್ಳಲಿ ಎಂದು ಕೇಳಿದರು. ಲಿಲಾವು ಹಿಡಿದವರು ಮನೆಯ ಯಜಮಾನರ ಹೆಸರನ್ನೋ ಮಕ್ಕಳ ಹೆಸರನ್ನೋ ಹೇಳುವುದು ವಾಡಿಕೆ.

“ನನ್ನ ಹೆಸರಿಗೆ ಬರಕೋರಿ. ನನಗೂ ಅದ ರೋಗ ಐತಿ.”

ಮೈಕು ಅದನ್ನೂ ಹಿಡಿಯಿತು. ನನ್ನ ಧ್ವನಿ ಗುಡಿಯ ಗೋಡೆಗೆ ಬಡಿದು ನನಗೇ ಕೇಳಿತು. ಗಂಡಸರ ಸಾಲಿನಲ್ಲಿ ಕೂತಿದ್ದ ನನ್ನ ಗಂಡ ನೆಲ ನೋಡುತ್ತಿದ್ದರು. ಹಿರಿಯರು ಮೈಕು ಹಿಡಿದು ಹಾಗೇ ನಿಂತರು. ಈ ಸಲ ಅವರೂ ನಿಲ್ಲಿಸಿದರು. ಬಹಳ ಹೊತ್ತು ಹಿಡಿಯಿತು. ನಾನು ಸಾವಕಾರರಂತೆ ಕೂತವರ ಮುಖ ಒಂದೊಂದಾಗಿ ನೋಡಿದೆ. ಕೆಲವರು ನೋಡಿದರು, ಕೆಲವರು ಬೇರೆ ಕಡೆ ತಿರುಗಿದರು. ನನ್ನ ಒಳಗೆಲ್ಲ ಹಿಡಿದಿದ್ದ ಜೋಮು ಬಿಟ್ಟು ಹೋಗುತ್ತಿರುವಾಗ ಆಗುವ ನೋವು ಶುರುವಾಗಿತ್ತು.

“ಮೂರ್ ಸಲ,” ಎಂದರು ಹಿರಿಯರು.

ಇದನ್ನು ಬರೆಯುವ ಹೊತ್ತಿಗೆ ಸಂಪಗಾಂವದ ಬೀಗರಿಂದ ಸುದ್ದಿ ಹಾಗೂ ಬಂದಿಲ್ಲ, ಹೀಗೂ ಬಂದಿಲ್ಲ. ಮುಂದಿನ ವಾರ ಬೆಳಗಾವಿಗೆ ಹೋಗಿ ಅಧ್ಯಯನಕ್ಕೆ ರಕ್ತ ಕೊಟ್ಟು ಬರುತ್ತೇನೆ. ಗಟಾರಕ್ಕೆ ಹೋಗದ ನನ್ನ ಮೊದಲ ರಕ್ತ ಅದು. ಸಾವಕಾರರಿದ್ದರೆ ಶಾಲಿನ ಮಾತು ಎತ್ತುತ್ತಿದ್ದರು. ಅವರಿಲ್ಲ. ಅದು ಈಗ ಗೊತ್ತಾಗುತ್ತಿದೆ.

ಆ ದಿನ ಗುಡಿಯಿಂದ ಮನೆಗೆ ಹೊರಟಾಗ ನನ್ನ ಗಂಡ ನಾಲ್ಕು ಹೆಜ್ಜೆ ಮುಂದಿದ್ದರು. ನಾನು ಕಾಯಿಯನ್ನು ಟವೆಲ್ಲಿನ ಸಮೇತ ಎದೆಗೆ ಹಿಡಿದುಕೊಂಡು ಹಿಂದೆ ನಡೆಯುತ್ತಿದ್ದೆ. ಓಣಿಯ ತಿರುವಿನಲ್ಲಿ ಅವರು ನಿಂತರು. ನಾನು ಹತ್ತಿರ ಬರುವವರೆಗೆ ಕಾದು ಕೈ ಚಾಚಿದರು.

“ವಜ್ಜಾ ಆಕ್ಕೈತಿ ನಿನಗ. ಇಲ್ಲಿ ಕೊಡು.”

ಒಳಗೆಲ್ಲ ಒಣಗಿದ ಕಾಯಿ, ಅದರಲ್ಲಿ ಭಾರವೇ ಇರಲಿಲ್ಲ. ಆದರೂ ಕೊಟ್ಟೆ.